ಗುಡ್ಡ ಕೊರೆದವನ ಸುಂಕ

ನಮ್ಮೂರು ಸೊಕ್ಕೆಯಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಸಿಗುವುದು ಜಾಲಿ, ಆಮೇಲೆ ಮೆಕ್ಕೆಜೋಳದ ಹೊಲ, ಆಮೇಲೆ ಮತ್ತೆ ಜಾಲಿ. ಸುರಂಗ ಕೊರೆಯುವಂಥ ರಸ್ತೆ ನಮ್ಮದಲ್ಲ, ಟೋಲ್ ಕೇಳುವಷ್ಟು ಧೈರ್ಯ ಆ ರಸ್ತೆಗೂ ಇಲ್ಲ. ಹಾಗಿದ್ದೂ ನಮ್ಮ ಕಡೆಯ ಹುಡುಗರಿಗೆ ಸುರಂಗದ ಹುಚ್ಚು ಹತ್ತಿಸಿದವರು ಲಾರಿ ಡ್ರೈವರುಗಳು. ಮಳೆ ಕೈಕೊಡುವುದೇ ರೂಢಿಯಾದ ಜಗಳೂರು ತಾಲ್ಲೂಕಿನಲ್ಲಿ ಹೊಲ ನಂಬಿದವರಿಗಿಂತ ಸ್ಟೇರಿಂಗ್ ನಂಬಿದವರು ಒಂದಿಷ್ಟು ನೆಮ್ಮದಿಯಾಗಿ ಉಂಡರು. ನನ್ನ ಸೋದರಮಾವ ಅಂಥವರಲ್ಲಿ ಒಬ್ಬ. ದಾವಣಗೆರೆಯ ಸಾಹುಕಾರರೊಬ್ಬರ ಲಾರಿಗೆ ಡ್ರೈವರು. ಹೋಗುವಾಗ ಮೆಕ್ಕೆಜೋಳವೋ ಹುಣಸೆಹಣ್ಣೋ, ಬರುವಾಗ ಮುಂಬಯಿಯ ಯಾವುದೋ ಗೋದಾಮಿನ ಮಾಲು. ಬೇಸಿಗೆ ರಜೆಯಲ್ಲಿ ನಾನು ಅವನ ಕ್ಯಾಬಿನ್ನಿನ ಸಾಮಾನು.

ಹಾದಿ ಒಂದೇ. ದಾವಣಗೆರೆಯ ಹೊಟ್ಟೆ ಸೀಳಿಕೊಂಡು ಹೋಗುವ ಪಿ.ಬಿ. ರೋಡು. ಆ ರಸ್ತೆಯಲ್ಲಿ ನಿಂತು ಬೆಣ್ಣೆದೋಸೆ ತಿನ್ನುವವರಲ್ಲಿ ಅದರ ‘ಪಿ’ ಪೂನಾದ್ದೆಂದು ನೆನಸಿಕೊಳ್ಳುವವರು ಎಷ್ಟು ಮಂದಿಯೋ. ಮಾವನಿಗೆ ಮಾತ್ರ ಆ ರಸ್ತೆಯ ತುದಿಯಲ್ಲಿ ಪೂನಾ ಇದೆಯೆಂಬುದು ದಿನಾ ನೆನಪಿರುತ್ತಿತ್ತು. ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ. ಅಲ್ಲಿಂದಾಚೆ ಕೊಲ್ಲಾಪುರ, ಕರಾಡ, ಸಾತಾರ. ಇಷ್ಟೂ ಹೆಸರುಗಳನ್ನು ಮಾವ ಊಟದ ಹೋಟೆಲಿನ ಲೆಕ್ಕದಲ್ಲೇ ನೆನಪಿಟ್ಟಿದ್ದ. ಸಾತಾರ ದಾಟಿದ ಮೇಲೆ ಮಾತ್ರ ಹೋಟೆಲಿನ ಲೆಕ್ಕ ಬಿಟ್ಟು ಘಾಟಿನ ಲೆಕ್ಕ ಹಿಡಿಯುತ್ತಿದ್ದ. ಮೊದಲು ಖಂಬಾಟ್ಕಿ, ಆಮೇಲೆ ಕಾತ್ರಜ್, ಪೂನಾ ದಾಟಿದ ಮೇಲೆ ಖಂಡಾಲ. ಬಯಲುಸೀಮೆಯವನಿಗೆ ಈ ಮೂರು ಹೆಸರು ಸಾಕು, ರಾತ್ರಿ ನಿದ್ದೆ ಹಾರಿಹೋಗಲು.

ಸುಂಕವಂತೂ ನಮಗೆ ಹೊಸದಲ್ಲ. ಟೋಲ್ ಎಂಬ ಹೆಸರು ಬರುವ ಎಷ್ಟೋ ಶತಮಾನ ಮೊದಲೇ ನಮ್ಮ ಹಾದಿಗಳಲ್ಲಿ ಸುಂಕದ ಕಟ್ಟೆಗಳಿದ್ದವು. ಚಾಲುಕ್ಯರ ಕಾಲದ ಶಾಸನಗಳನ್ನು ತೆರೆದರೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳ ಸಾಲೇ ಇದೆ. ಎತ್ತಿನ ಮೇಲಿನ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ಎಣಿಸಿ ವಸೂಲಿ. ಅದರಲ್ಲೊಂದು ಪಾಲನ್ನು ಅಧಿಕಾರಿಗಳೇ ದೇವಸ್ಥಾನದ ದೀಪಕ್ಕೋ ನೈವೇದ್ಯಕ್ಕೋ ಬಿಟ್ಟುಕೊಟ್ಟದ್ದೂ ಉಂಟು. ಹನ್ನೆರಡನೇ ಶತಮಾನದ ಶರಣರ ನಡುವೆ ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡ ಸುಂಕದ ಬಂಕಣ್ಣನೂ ಇದ್ದ. ಬಂಕೇಶ್ವರಲಿಂಗ ಎಂಬ ಅಂಕಿತದಲ್ಲಿ ಬರೆದ ಅವನ ವಚನಗಳೊಳಗೆ ಸುಂಕ, ಸರಕು, ವ್ಯಾಪಾರದ ಪರಿಭಾಷೆಯೇ ಬಂದು ಕೂತಿದೆ. ಟೋಲ್‌ಗೇಟಿನ ಕ್ಯಾಬಿನ್ನಿನಲ್ಲಿ ಕೂತವನೂ ಕವಿಯಾಗಬಹುದು ಎನ್ನುವುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಡ.

ನಮ್ಮ ಕಡೆಯವರಿಗಂತೂ ಗಡಿ ದಾಟುವುದು ಸಂತೆಗೆ ಹೋದಷ್ಟೇ ಸಲೀಸು. ಜಗಳೂರು ಸೀಮೆ ಮೈಸೂರು ಸಂಸ್ಥಾನದ್ದು. ಪಕ್ಕದ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಮದರಾಸು ಪ್ರಾಂತ್ಯದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರುವವರೆಗೂ ಕೊಟ್ಟೂರು ಬಸವೇಶ್ವರನ ತೇರಿಗೆ ಗಾಡಿ ಕಟ್ಟಿದವರು ಮಹಾರಾಜರ ರಾಜ್ಯದಿಂದ ಇನ್ನೊಂದು ಸರ್ಕಾರದ ನೆಲಕ್ಕೆ ಹೋಗಿ ಹಣ್ಣು ಎಸೆದು ಬರುತ್ತಿದ್ದರು. ಸುಂಕಕ್ಕೂ ಆ ರಾಜ್ಯದಲ್ಲಿ ಬರವಿರಲಿಲ್ಲ. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ರದ್ದು ಮಾಡಿದನೆಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಅಷ್ಟೊಂದು ಹೆಸರುಗಳನ್ನು ಹುಡುಕಿ ಇಟ್ಟವರ ಕಲ್ಪನಾಶಕ್ತಿಯನ್ನು ಮೆಚ್ಚಬೇಕು. ರದ್ದು ಮಾಡಿದವನ ಹೆಸರಿಗೆ ಬೆಂಗಳೂರಿನಲ್ಲಿ ಪಾರ್ಕ್ ಆಯಿತು, ಹುಟ್ಟಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ.

ಪಟ್ಟಣಗಳ ಬಾಗಿಲಲ್ಲಿ ಕೂತಿದ್ದ ಆಕ್ಟ್ರಾಯ್ 1979ರಲ್ಲಿ ಕರ್ನಾಟಕದಿಂದ ಹೋಯಿತು. ಗಡಿಯ ಮಾರಾಟ ತೆರಿಗೆ ಚೆಕ್‌ಪೋಸ್ಟುಗಳು 2017ರಲ್ಲಿ ಜಿಎಸ್‌ಟಿ ಬಂದಾಗ ಹೋದವು. ಇವೆರಡರ ನಡುವೆ ಟೋಲ್ ಬಂತು.

ಪಿ.ಬಿ. ರೋಡಿನಲ್ಲಿ ಅದು ಬಂದದ್ದು ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ. ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್. ಖಾಸಗಿ ಕಂಪನಿ ಕಟ್ಟಿ, ದುಡ್ಡು ವಸೂಲಿ ಮಾಡಿಕೊಂಡು, ಕೊನೆಗೆ ಸರ್ಕಾರಕ್ಕೆ ಬಿಟ್ಟುಕೊಡುವ ಕರಾರು. ಕರ್ನಾಟಕದಲ್ಲಿ ಈ ಪದ್ಧತಿಯ ರಸ್ತೆಗಳಲ್ಲಿ ಇದು ತೀರಾ ಮೊದಲಿನದು. ಎರಡೂ ಊರುಗಳ ಸಂದಣಿ ತಪ್ಪಿತೆಂದು ಲಾರಿಯವರೆಲ್ಲ ಖುಷಿಪಟ್ಟರು. ಮಾವನೂ ಪಟ್ಟ. ಗೇಟಿನಲ್ಲಿ ಮೊದಲ ಸಲ ಚೀಟಿ ಹರಿದುಕೊಟ್ಟಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ರೋಡಿಗೂ ಟಿಕೇಟ್ ಮಾಡಿದರಲ್ಲಲೇ’ ಎಂದು ನಕ್ಕು ಸನ್‌ಶೇಡಿನ ಪಟ್ಟಿಗೆ ಸಿಗಿಸಿದ. ಅದೇ ಸಮಯಕ್ಕೆ ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ 5,846 ಕಿಲೋಮೀಟರಿನ ಸುವರ್ಣ ಚತುಷ್ಪಥದ ಕೆಲಸ ಶುರುವಾಗಿತ್ತು. ವಾಜಪೇಯಿಯವರು 1999ರ ಜನವರಿಯಲ್ಲಿ ಅದರ ಶಂಕುಸ್ಥಾಪನೆ ಮಾಡಿದ್ದು ಬೆಂಗಳೂರಿನಲ್ಲೇ. ಹೀಗೆ ಪಿ.ಬಿ. ರೋಡಿನ ಮಗ್ಗುಲಲ್ಲೆಲ್ಲ ಜೆಸಿಬಿಗಳು ನಿಂತವು, ದೊಡ್ಡ ಹುಣಸೆಮರಗಳು ಉರುಳಿದವು, ಹೆಬ್ಬಾಳು, ಚಳಗೇರಿ, ಬಂಕಾಪುರಗಳಲ್ಲಿ ಟೋಲ್‌ಗೇಟುಗಳು ಎದ್ದವು.

ಆ ಚೀಟಿಗಳ ಬಗ್ಗೆ ಸ್ವಲ್ಪ ಹೇಳಬೇಕು. ಟೋಲಿನ ದುಡ್ಡು ಸಾಹುಕಾರರದು, ಆದರೆ ಕೈಯಿಂದ ಹಾಕುವವನು ಡ್ರೈವರು. ಚೀಟಿ ತೋರಿಸಿದರೆ ದುಡ್ಡು ವಾಪಸು; ಚೀಟಿ ಇಲ್ಲದಿದ್ದರೆ ಸಂಬಳದಲ್ಲಿ ಕಡಿತ. ಹಾಗಾಗಿ ಮಾವ ಚೀಟಿಗಳನ್ನು ರಬ್ಬರ್‌ಬ್ಯಾಂಡ್ ಹಾಕಿ, ಖಾಲಿ ಜರ್ದಾ ಡಬ್ಬಿಯೊಳಗೆ ಸುತ್ತಿಟ್ಟು, ಡಬ್ಬಿಯನ್ನು ಗೇರ್‌ಬಾಕ್ಸಿನ ಪಕ್ಕದ ಪೆಟ್ಟಿಗೆಯಲ್ಲಿ ಭದ್ರ ಮಾಡುತ್ತಿದ್ದ. ಮೊದಲಿನ ಚೀಟಿಗಳು ಪ್ರೆಸ್ಸಿನಲ್ಲಿ ಅಚ್ಚಾದವು. ಗುಲಾಬಿ, ಹಳದಿ, ತಿಳಿಹಸಿರು. ಆಮೇಲೆ ಮಿಷನ್ನಿನಿಂದ ‘ಟರ್‌ರ್’ ಎಂದು ಹೊರಬರುವ ನುಣುಪು ಕಾಗದದ ಕಾಲ ಬಂತು. ಆ ಕಾಗದಕ್ಕೆ ಬಿಸಿ ಆಗದು. ಇಂಜಿನ್ನಿನ ಕಾವಿಗೆ ಡಬ್ಬಿಯಲ್ಲಿದ್ದ ಚೀಟಿಗಳೆಲ್ಲ ಕಪ್ಪಿಟ್ಟು, ವಾರ ಕಳೆದು ದಾವಣಗೆರೆಗೆ ಬಂದು ಬಿಚ್ಚಿದರೆ ಒಂದಕ್ಷರವೂ ಕಾಣದು. ಗುಮಾಸ್ತರು ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು, ಅಡ್ಡಡ್ಡ ವಾಲಿಸಿ, ಎಲ್ಲೋ ಒಂದು ಅಂಕಿಯ ನೆರಳು ಕಂಡರೆ ಪಾಸು ಮಾಡುತ್ತಿದ್ದರು. ಮಾವ ಅವರ ಪಕ್ಕ ನಿಂತು, ‘ಅಣ್ಣಾರೆ, ಇದು ಕರಾಡದ್ದು, ವಾಸನೆ ನೋಡ್ರಿ ಬೇಕಾದ್ರೆ’ ಎನ್ನುತ್ತಿದ್ದ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆ ಮಾವನ ಮಟ್ಟಿಗೆ ಸುಳ್ಳು. ಅವನು ಹೇಳಿಕೊಳ್ಳುತ್ತಿದ್ದದ್ದೇ ಅಲ್ಲಿ. ರಾತ್ರಿ ಎರಡು ಗಂಟೆಗೆ ಎಚ್ಚರವಿದ್ದು ಕನ್ನಡ ಮಾತಾಡುವ ಜೀವ ಇಡೀ ಹಾದಿಯಲ್ಲಿ ಗೇಟಿನ ಹುಡುಗ ಮಾತ್ರ. ‘ಯಾವೂರು?’ ‘ಜಗಳೂರ ಕಡೆ.’ ‘ಮಳಿ ಆತೇನು?’ ‘ನಮ್ಮಲ್ಲೆಲ್ಲಿ ಬರ್ತಾವಪ್ಪ ಮಳೆ!’ ಚಿಲ್ಲರೆಯಿಲ್ಲವೆಂದು ಹುಡುಗ ಕೊಟ್ಟ ಎರಡು ಚಾಕಲೇಟು ನನ್ನ ಪಾಲಿಗೆ. ಹಿಂದಿನ ಲಾರಿಯವನು ಹಾರ್ನ್ ಹೊಡೆಯುವವರೆಗೂ ಮಾತು ನಡೆಯುತ್ತಿತ್ತು. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ಗಾಜಿನ ಮೇಲೆ ಅಂಟಿಸಿದ ಸ್ಟಿಕ್ಕರು ಸಾಹುಕಾರರ ಖಾತೆಯಿಂದ ತಾನೇ ದುಡ್ಡು ಕತ್ತರಿಸುತ್ತದೆ. ಮೆಸೇಜು ಹೋಗುವುದೂ ಅವರ ಫೋನಿಗೇ. ಗುಮಾಸ್ತರ ಟ್ಯೂಬ್‌ಲೈಟ್ ಪರೀಕ್ಷೆ ತಪ್ಪಿದ್ದು ನಿಜಕ್ಕೂ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ.

ಇನ್ನು ಸುರಂಗ. ನಾನು ಮೊದಲು ಕಂಡದ್ದು ಕಾತ್ರಜಿನ ಹಳೆಯದು, ಬ್ರಿಟಿಷರ ಕಾಲದ್ದು. ಸಂಜೆಯ ಹೊತ್ತು. ತಿರುವು ತಿರುವಾಗಿ ಹತ್ತಿದ ಲಾರಿ ಒಮ್ಮೆಲೇ ಗುಡ್ಡದ ಬಾಯಿಗೆ ಬಿತ್ತು. ಮಾವ ತಂಪು ಕನ್ನಡಕ ತೆಗೆದು ಅಂಗಿಯ ಜೇಬಿಗಿಟ್ಟ, ಎಡಗೈಯಿಂದ ಮುಂದಿನ ದೇವರ ಫೋಟೋ ಮುಟ್ಟಿ ಕಣ್ಣಿಗೊತ್ತಿಕೊಂಡ. ಕ್ಲೀನರ್ ಹುಡುಗ ಕಿಟಕಿಯಿಂದ ಕೈ ಒಳಗೆಳೆದುಕೊಂಡ. ಇಂಜಿನ್ನಿನ ಸದ್ದು ನಮ್ಮ ಕೆಳಗಿನಿಂದೆದ್ದು ಗೋಡೆಗೆ ಬಡಿದು, ನಾಲ್ಕು ಲಾರಿಗಳ ಸದ್ದಾಗಿ ಕಿವಿಗೆ ವಾಪಸು ಬಂತು. ಡೀಸೆಲ್ ಹೊಗೆ, ಒದ್ದೆ ಕಲ್ಲಿನ ವಾಸನೆ, ಎಲ್ಲಿಂದಲೋ ಗಾಜಿನ ಮೇಲೆ ತೊಟಕ್ಕೆಂದು ಬಿದ್ದ ನೀರು. ಬೋರ್‌ವೆಲ್ಲಿನಲ್ಲಿ ಸಾವಿರ ಅಡಿ ಇಳಿದರೂ ಹನಿ ಕಾಣದ ಊರಿನಿಂದ ಬಂದವನಿಗೆ, ಗುಡ್ಡದ ಹೊಟ್ಟೆಯಲ್ಲಿ ಕೇಳದೆಯೇ ಸೋರುತ್ತಿದ್ದ ನೀರು ಕಂಡು ಹೊಟ್ಟೆಯುರಿದದ್ದೂ ಹೌದು.

ಖಂಬಾಟ್ಕಿಯ ತಮಾಷೆ ಬೇರೆ. ಅಲ್ಲಿ ಸುರಂಗ ಬಂದ ಮೇಲೆ ಸಾತಾರದಿಂದ ಪೂನಾಕ್ಕೆ ಹೋಗುವವರಿಗೆ ಮಾತ್ರ ಅದರ ಭಾಗ್ಯ. ಪೂನಾದಿಂದ ಬರುವವರು ಯಥಾಪ್ರಕಾರ ಘಾಟ್ ಹತ್ತಿ ಇಳಿಯಬೇಕಿತ್ತು. ನಮ್ಮ ಕಡೆಯ ಡ್ರೈವರುಗಳ ಲೆಕ್ಕದಲ್ಲಿ ದುಡಿಯಲು ಹೋಗುವಾಗ ಸುರಂಗ, ಮನೆಗೆ ಬರುವಾಗ ಘಾಟ್. ಸುರಂಗ ಮುಗಿದೊಡನೆ ಇಳಿಜಾರಿನಲ್ಲಿ ಹಾವಿನಂತೆ ಹೊರಳುವ ತಿರುವೊಂದಿದೆ. ಬೇಗ ದಾಟಿದೆವೆಂಬ ಹುಮ್ಮಸ್ಸಿನಲ್ಲಿ ಬಂದ ಎಷ್ಟೋ ಗಾಡಿಗಳು ಅಲ್ಲಿ ಮಗುಚಿವೆ.

ಖಂಡಾಲದಲ್ಲಿ ಮಾತ್ರ ಎಲ್ಲವೂ ದೊಡ್ಡ ಅಳತೆಯದು. ಬೋರ್ ಘಾಟಿನ ಗಾಡಿರಸ್ತೆಯನ್ನು 1830ರಲ್ಲಿ ಗವರ್ನರ್ ಜಾನ್ ಮಾಲ್ಕಂ ತೆರೆದ. ಅಲ್ಲಿಯೂ ಗಾಡಿಗಳಿಗೆ ಸುಂಕವಿತ್ತು. 1863ರಲ್ಲಿ ಅದೇ ಘಾಟಿಗೆ ರೈಲು ಹತ್ತಿತು, 25 ಸುರಂಗಗಳನ್ನು ಹೊಕ್ಕು. ಮತ್ತೆ ಹೆಚ್ಚುಕಡಿಮೆ ನೂರನಲವತ್ತು ವರ್ಷ ಬಿಟ್ಟು, 2002ರಲ್ಲಿ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಪೂರ್ತಿಯಾಯಿತು. 94.5 ಕಿಲೋಮೀಟರ್, ಆರು ಲೇನು, ಉದ್ದಕ್ಕೂ ಕಾಂಕ್ರೀಟು; ಬೈಕಿಗೂ ಆಟೋಗೂ ಪ್ರವೇಶವಿಲ್ಲ. ದೇಶದಲ್ಲಿ ಇಂಥದ್ದು ಅದೇ ಮೊದಲು. ಭಾತಾಣ, ಮಡಪ, ಆಡೋಶಿ, ಖಂಡಾಲ, ಕಾಮ್‌ಶೇಟ್ ಎಂದು ಸುರಂಗಗಳ ಸರಮಾಲೆ. ಕೊಂಕಣ ರೈಲ್ವೆಯಲ್ಲಿ ಸಹ್ಯಾದ್ರಿ ಕೊರೆದು ಕೈ ಪಳಗಿದ್ದವರನ್ನೇ ಇದಕ್ಕೂ ಕರೆಸಿಕೊಂಡರು. ಖಾಲಾಪುರ, ತಳೇಗಾಂವ್‌ಗಳಲ್ಲಿ ಟೋಲ್‌ಗೇಟು. ಅಲ್ಲಿ ಕೇಳಿದ ಮೊತ್ತಕ್ಕೆ ಮಾವ ಎರಡು ಸಲ ‘ಎಷ್ಟು?’ ಎಂದ.

ಆದರೆ ಕೊಟ್ಟ. ಗೊಣಗದೆ ಕೊಟ್ಟ. ಸುರಂಗದೊಳಗೆ ಕಿತ್ತಳೆ ಬಣ್ಣದ ದೀಪಗಳು ಸಾಲಾಗಿ ಅವನ ಮೊಣಕೈ ಮೇಲಿಂದ ಹರಿದು ಹೋಗುತ್ತಿದ್ದವು. ಆಗ ಅವನು ಹೇಳಿದ ಮಾತು ನನಗೆ ಈ ವಿಷಯದಲ್ಲಿ ಸಿಕ್ಕ ಅತ್ಯಂತ ಸರಿಯಾದ ಅರ್ಥಶಾಸ್ತ್ರ: ‘ಗುಡ್ಡ ಕೊರೆದವನಿಗೆ ದುಡ್ಡು ಕೊಡಾದ್ರಲ್ಲಿ ನ್ಯಾಯ ಐತೆ ಕಣಲೇ. ಘಾಟ್ ಹತ್ತಿದ್ರೆ ಡೀಸೆಲ್ಲೂ ಹೋಗ್ತಿತ್ತು, ಬ್ರೇಕೂ ಹೋಗ್ತಿತ್ತು, ಒಂದೊಂದು ಸಲ ಜೀವಾನೂ. ಬಯಲಾಗೆ ನಮ್ಮಜ್ಜನ ಕಾಲದಿಂದ ಇದ್ದ ರೋಡಿಗೆ ಬಿಳಿ ಗೆರೆ ಹೊಡ್ದು ಕಾಸು ಕೇಳ್ತಾರಲ್ಲ, ಅದು ಹೊಟ್ಟೆ ಉರಿಸ್ತೈತೆ.’

ಎಕ್ಸ್‌ಪ್ರೆಸ್‌ವೇ ನೆನೆದರೆ ಅಮೃತಾಂಜನ್ ಸೇತುವೆಯನ್ನು ಬಿಡಲಾಗದು. ಖಂಡಾಲದ ಇಳಿಜಾರಿನಲ್ಲಿ ರಸ್ತೆಯ ಮೇಲೆ ಕಮಾನು ಕಟ್ಟಿ ನಿಂತಿದ್ದ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ. ತಲೆನೋವಿನ ಮುಲಾಮಿನ ಜಾಹೀರಾತು ಅದರ ಹತ್ತಿರ ಇದ್ದುದರಿಂದ ಆ ಹೆಸರು. ಘಾಟ್ ಇಳಿದವರಿಗೆ ಅಮೃತಾಂಜನ್ ಬೇಕಾಗುತ್ತದೆಂದು ಜಾಹೀರಾತಿನವನಿಗೆ ಹೊಳೆದದ್ದು ಸಣ್ಣ ಬುದ್ಧಿವಂತಿಕೆಯಲ್ಲ. ಆ ಸೇತುವೆಯ ಕಾಲುಗಳು ರಸ್ತೆಯ ನಡುವೆ ಅಡ್ಡ ಬರುತ್ತಿದ್ದವು. 2020ರ ಏಪ್ರಿಲಿನಲ್ಲಿ, ಲಾಕ್‌ಡೌನಿಗೆ ರಸ್ತೆ ಬರಿದಾಗಿದ್ದಾಗ, ಅದನ್ನು ಸಿಡಿಮದ್ದಿಟ್ಟು ಕೆಡವಿದರು. ಟಿವಿಯಲ್ಲಿ ಅದು ಕುಸಿಯುವುದನ್ನು ಮಾವ ಊರಲ್ಲಿ ಕೂತು ನೋಡಿದ. ಏನೂ ಹೇಳಲಿಲ್ಲ, ಚಾನೆಲ್ ಬದಲಿಸಿದ.

ಈ ಬಗೆಯ ರಸ್ತೆಗಳ ಅಜ್ಜ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಅಲ್ಲಿ 1880ರ ದಶಕದಲ್ಲಿ ವ್ಯಾಂಡರ್‌ಬಿಲ್ಟ್ ಎಂಬ ರೈಲು ಸಾಹುಕಾರ ಪೈಪೋಟಿಗೆಂದು ಹೊಸ ರೈಲುದಾರಿಗೆ ಕೈಹಾಕಿ, ಗುಡ್ಡಗಳನ್ನು ಅರೆಬರೆ ಕೊರೆಸಿ, ನಡುವೆಯೇ ಕೈಬಿಟ್ಟ. ಐವತ್ತು ವರ್ಷ ಬಾವಲಿಗಳ ಪಾಲಾಗಿದ್ದ ಆ ತೂತುಗಳನ್ನೇ ಹಿಗ್ಗಿಸಿ, 1940ರ ಅಕ್ಟೋಬರ್ 1ರಂದು 160 ಮೈಲಿಯ ಟೋಲ್ ಹೆದ್ದಾರಿ ತೆರೆದರು. ಏಳು ಸುರಂಗ, ಮೈಲಿಗೆ ಒಂದು ಸೆಂಟು. ಶುರುವಿನಲ್ಲಿ ಅಲ್ಲಿ ವೇಗಕ್ಕೆ ಮಿತಿಯೂ ಇರಲಿಲ್ಲ. ಜನ ಕೆಲಸವಿಲ್ಲದಿದ್ದರೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸುರಂಗ ನೋಡಲು ಹೋದರು. ಸಾಲ ತೀರಿದ ಮೇಲೆ ಸುಂಕವಿರುವುದಿಲ್ಲ ಎಂಬ ಭರವಸೆ ಆಗ ಕೊಟ್ಟಿದ್ದರು. ಇವತ್ತಿಗೂ ವಸೂಲಿ ನಡೆದಿದೆ. ಈ ಒಂದು ಸಂಗತಿಯಲ್ಲಿ ಅಮೆರಿಕಕ್ಕೂ ನಮಗೂ ಭೇದವಿಲ್ಲ.

ಭೇದ ಕಾಣುವುದು ಇನ್ನೊಂದು ಕಡೆ. ಆ ಹೆದ್ದಾರಿಗೆ ನಾಲ್ಕು ಲೇನು, ಸುರಂಗದೊಳಗೆ ಮಾತ್ರ ಎರಡೇ. ಎದುರುಬದುರಾಗಿ ಗಾಡಿಗಳು ಬಂದು, ಬಾಯಲ್ಲಿ ಮೈಲಿಗಟ್ಟಲೆ ಸಾಲು ನಿಲ್ಲತೊಡಗಿತು. 1960ರ ದಶಕ ಮುಗಿಯುವುದರೊಳಗೆ ಅವರು ಕೆಲವು ಸುರಂಗಗಳ ಪಕ್ಕ ಇನ್ನೊಂದನ್ನು ಕೊರೆದರು. ಮೂರನ್ನು ಬಿಟ್ಟು ಬೇರೆ ದಾರಿ ಮಾಡಿದರು. 1968ರಲ್ಲಿ ಬಿಟ್ಟ ರೇಸ್ ಹಿಲ್, ಸೈಡ್ಲಿಂಗ್ ಹಿಲ್ ಸುರಂಗಗಳಲ್ಲಿ ಈಗ ಸೈಕಲ್ಲಿನವರು ಟಾರ್ಚು ಕಟ್ಟಿಕೊಂಡು ಓಡಾಡುತ್ತಾರೆ. ನಮ್ಮ ಹುಬ್ಬಳ್ಳಿ–ಧಾರವಾಡ ಬೈಪಾಸೂ ಅದೇ ತಪ್ಪಿನದು. ಬೆಂಗಳೂರಿನಿಂದ ಪೂನಾದವರೆಗೆ ರಸ್ತೆ ಅಗಲವಾಗಿ ನಾಲ್ಕು ಲೇನು ಆಯಿತು. ನಡುವಿನ ಈ ತುಂಡು ಮಾತ್ರ ಕರಾರಿನ ನೆಪದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಎರಡೇ ಲೇನಾಗಿ ಉಳಿಯಿತು, ಸುಂಕ ಮಾತ್ರ ತಪ್ಪಲಿಲ್ಲ. ಬಯಲಿನಲ್ಲೇ ಕಟ್ಟಿದ ಸುರಂಗ ಅದು. 2021ರ ಜನವರಿಯ ಒಂದು ಬೆಳಗ್ಗೆ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಬಾಲ್ಯದ ಗೆಳತಿಯರ ಟೆಂಪೊ ಟ್ರಾವೆಲರ್ ಇಟಗಟ್ಟಿ ಬಳಿ ಟಿಪ್ಪರಿಗೆ ಎದುರಾಯಿತು. ಆ ವಾರ ದಾವಣಗೆರೆಯಲ್ಲಿ ಪಿ.ಬಿ. ರೋಡಿನ ಹೆಸರೆತ್ತಿದರೆ ಜನ ಸುಮ್ಮನಾಗುತ್ತಿದ್ದರು. ಅಗಲೀಕರಣಕ್ಕೆ ಶಂಕುಸ್ಥಾಪನೆ ಆದದ್ದು ಅದರ ಮರುವರ್ಷ. ಹಳೆಯ ಟೋಲ್ ರಸ್ತೆಗಳ ನೆನಪು ಚೆಂದವೆಂದು ಬರೆಯಲು ಕೂತಾಗಲೆಲ್ಲ ಈ ಮೂವತ್ತು ಕಿಲೋಮೀಟರು ಅಡ್ಡ ಬರುತ್ತದೆ.

ಅಷ್ಟು ದೂರ ಹೋಗಿ ನೋಡುತ್ತಿದ್ದ ಸುರಂಗ ಕಡೆಗೆ ನಮ್ಮ ಹತ್ತಿರಕ್ಕೇ ಬಂತು. ಜಗಳೂರು ತಾಲ್ಲೂಕಿನ ದೊಣೆಹಳ್ಳಿಯನ್ನು ತಾಗಿ, ಕಾನಾಹೊಸಹಳ್ಳಿ, ಕೂಡ್ಲಿಗಿ ಮೇಲೆ ಹೊಸಪೇಟೆಗೆ ಹೋಗುವ ಹದಿಮೂರನೇ ನಂಬರಿನ ಹೆದ್ದಾರಿಗೆ ಈಗ 50 ಎಂಬ ನಂಬರು. ನಾಲ್ಕು ಲೇನಾಯಿತು, ಟೋಲ್ ಬಂತು, ಹೊಸಪೇಟೆ ದಾಟಿದ ಮೇಲೆ ಟಿ.ಬಿ. ಡ್ಯಾಮಿನ ಹತ್ತಿರ ಗುಡ್ಡಕ್ಕೊಂದು ಸುರಂಗವೂ ಬಂತು. ಉದ್ದ ಹೆಚ್ಚಿಲ್ಲ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹೋಗುವ ನಮ್ಮ ಕಡೆಯ ಟೆಂಪೊಗಳಲ್ಲಿ, ಬಾಯಿ ಹೊಕ್ಕೊಡನೆ ಹೆಂಗಸರೆಲ್ಲ ‘ಉಧೋ ಉಧೋ’ ಎಂದು ಕೂಗುತ್ತಾರೆ, ಹುಡುಗರು ‘ಓ’ ಎಂದು ಚೀರುತ್ತಾರೆ; ಅದು ಗೋಡೆಗೆ ಬಡಿದು ಬರುವಷ್ಟರಲ್ಲಿ ಹೊರಗಿನ ಬಿಸಿಲು. ಮಾವನನ್ನು ಕರೆದುಕೊಂಡು ಹೋಗಿದ್ದೆ. ಲಾರಿ ಬಿಟ್ಟು ಎಷ್ಟೋ ಕಾಲವಾಗಿದ್ದರೂ, ನನ್ನ ಪಕ್ಕದ ಸೀಟಿನಲ್ಲಿ ಕೂತು ಕಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಲೇ ಇದ್ದ. ಸುರಂಗ ಮುಗಿದ ಮೇಲೆ, ‘ಇಷ್ಟೇನಾ? ಪರವಾಗಿಲ್ಲ, ಗುಡ್ಡ ಗುಡ್ಡಾನೇ’ ಎಂದು ಒಪ್ಪಿಕೊಂಡ. ಬರುವಾಗ ಬಯಲಿನ ಟೋಲ್‌ಗೇಟಿನಲ್ಲಿ ಸ್ಟಿಕ್ಕರು ಕೆಲಸ ಮಾಡಿ ತಡೆಗೋಲು ತಾನಾಗಿ ಮೇಲೆದ್ದಾಗ, ಗಾಜು ಇಳಿಸಿ ಯಾರಾದರೂ ಇದ್ದಾರೆಯೇ ಎಂದು ಕತ್ತು ಚಾಚಿ ನೋಡಿದ. ಒಬ್ಬ ಹುಡುಗಿ ಮೊಬೈಲ್ ನೋಡುತ್ತ ಕೂತಿದ್ದಳು. ‘ಮಳೆ ಆತೇನವ್ವ?’ ಎಂದು ಕೂಗಿದ. ಅವಳು ಕಿವಿಯಿಂದ ವೈರು ತೆಗೆಯುವಷ್ಟರಲ್ಲಿ ಹಿಂದಿನವನು ಹಾರ್ನ್ ಹೊಡೆದ.

ಓದುಗರಲ್ಲಿ ಒಂದು ಮಾತು. ನೀವು ಕಟ್ಟುವ ಟೋಲಿನಲ್ಲಿ ಆಂಬುಲೆನ್ಸು, ಕೆಟ್ಟ ಗಾಡಿ ಎಳೆಯುವ ಕ್ರೇನು, ಗಸ್ತು ವಾಹನ ಇವೆಲ್ಲ ಸೇರಿವೆ. ಬಯಲಿನ ರಸ್ತೆಗೂ ಸೇರಿವೆ. ಕೇಳಿ ಪಡೆಯಬೇಕು, ಅಷ್ಟೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಎಲ್ಲೇ ಸಿಕ್ಕಿಕೊಂಡರೂ ಹಗಲು ರಾತ್ರಿ ಕರೆಯಬಹುದಾದ ನಂಬರು 1033. ಈಗ ಕೈಗೆ ಚೀಟಿ ಬರುವುದಿಲ್ಲವಾದ್ದರಿಂದ, ಅದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.